ಎರಡನೆಯ ವರ್ಷದ ಹರಕು

ಕೊಯಿಂಬ್ರಾ, 17 ಅಕ್ಟೋಬರ್ 1988

ಪ್ರೀತಿಯ ಒತೀಲಿಯಾ ಅಕ್ಕನಿಗೆ,

ನೀನು ದ್ವೀಪಕ್ಕೆ ಹೋಗಿ ಆರು ವಾರವಾಯಿತು. ಹೊಸ ಟೀಚರುಗಳಿಗೆ ಊರು ಹಂಚುವಾಗ ನಿನ್ನ ಹೆಸರಿನ ಮುಂದೆ ‘ಫ್ಲೋರೆಸ್’ ಎಂದು ಬರೆದ ಗುಮಾಸ್ತನ ಕೈಗೆ ಕಜ್ಜಿ ಹತ್ತಲಿ. ನಡುಸಮುದ್ರದಲ್ಲಿ ಅಂಥದೊಂದು ದ್ವೀಪ ಇದೆಯೆಂದು ಅವನಿಗಾದರೂ ಹೇಗೆ ನೆನಪಾಯಿತೋ!

ಇಲ್ಲಿ ವಿಶ್ವವಿದ್ಯಾಲಯಕ್ಕೆ ಹೊಸ ಹುಡುಗಿಯರು ಬಂದಿದ್ದಾರೆ. ಹೋದ ವರ್ಷ ಇದೇ ಹೊತ್ತಿಗೆ ನನ್ನ ಮುಖಕ್ಕೆ ಬಣ್ಣ ಬಳಿದು, ಕಾಲಿಗೆ ತಗಡಿನ ಡಬ್ಬ ಕಟ್ಟಿ, ಹಸಿ ಗೆಡ್ಡೆ ಕಚ್ಚಿಸಿ ಬೀದಿಯಲ್ಲಿ ಓಡಿಸಿದ್ದರು. ನಾನು ಅಳುತ್ತಿದ್ದೆ. ಆಗ ನೀನು ನುಗ್ಗಿ ಬಂದು, “ಸಾಕು ಬಿಡ್ರೋ, ಇವಳು ನನ್ನ ಹುಡುಗಿ” ಎಂದು ವಿದ್ಯಾರ್ಥಿಗಳೆಲ್ಲ ಹೊದೆಯುವ ನಿನ್ನ ಕರಿ ಹೊದಿಕೆಯೊಳಗೆ ಎಳೆದುಕೊಂಡೆ. ಅಂದಿನಿಂದ ನೀನು ನನ್ನ ಧರ್ಮದಕ್ಕ, ನಾನು ನಿನ್ನ ಧರ್ಮದ ತಂಗಿ. ಆ ಕತ್ತಲಲ್ಲಿ ನನ್ನ ಬೆರಳಿಗೆ ಹೊದಿಕೆಯ ಬಲ ಅಂಚಿನ ಹೊಲಿಗೆ ಸಿಕ್ಕಿತ್ತು, ಕಡುನೀಲಿ ದಾರದ್ದು. ಕೇಳಿದರೆ “ಬಸ್ಸಿನ ಬಾಗಿಲ ಮೊಳೆ ಕಣೇ” ಎಂದಿದ್ದೆ.

ಈ ವರ್ಷ ನನ್ನನ್ನು ಯಾರೂ ಓಡಿಸುವುದಿಲ್ಲ, ಯಾರೂ ಉಳಿಸುವುದೂ ಇಲ್ಲ. ನಿನ್ನೆ ಒಬ್ಬಳು ಹೊಸಬಳು ಓಡಿ ಬಂದು “ಅಕ್ಕಾ, ಅಕ್ಕಾ” ಎಂದಳು. ಧರ್ಮದಕ್ಕನಾಗು ಎನ್ನುತ್ತಾಳೆಂದು ಎದೆ ಅರಳಿತು. “ಟಾಯ್ಲೆಟ್ ಯಾವ ಕಡೆ?” ಎಂದಳು.

ಗಣಿತ ವಿಶ್ಲೇಷಣೆಯ ಪಾಠ ತಲೆಗೆ ಹತ್ತುತ್ತಿಲ್ಲ. ಹೋಗಲಿ ಬಿಡು. ನನ್ನ ಕೊರಗು ಬೇರೆ. ನನ್ನ ಹೊದಿಕೆ ಇನ್ನೂ ಅಂಗಡಿಯಿಂದ ತಂದ ಹಾಗೇ ಇದೆ. ಜತೆಯವರ ಹೊದಿಕೆಗಳ ಅಂಚಿನಲ್ಲಿ ಎರಡೆರಡು ಹರಕು, ಅವರನ್ನು ಪ್ರೀತಿಸುವವರು ಹಲ್ಲಿನಿಂದ ಕಚ್ಚಿ ಹರಿದದ್ದು. ನನ್ನದರಲ್ಲಿ ಒಂದೂ ಇಲ್ಲ, ಯಾರೂ ಇಲ್ಲದವಳ ಹೊದಿಕೆ. ನನಗೆ ಮೊದಲ ಹರಕು ನನ್ನ ಧರ್ಮದಕ್ಕನದೇ ಆಗಬೇಕು. ನೀನೋ, “ಎರಡನೇ ವರ್ಷ ದಾಟು, ಆಮೇಲೆ ಹರೀತೀನಿ” ಎಂದು ಹೇಳಿ ಹೊರಟೇಬಿಟ್ಟೆ.

ನಿನ್ನ,
ಬೆನಿಲ್ದೆ

*

ಫ್ಲೋರೆಸ್ ದ್ವೀಪ, 9 ನವೆಂಬರ್ 1988

ಮುದ್ದು ಬೆನಿಲ್ದೆ,

ಇಲ್ಲಿ ಗಾಳಿ ಎದ್ದರೆ ವಿಮಾನ ಇಳಿಯುವುದಿಲ್ಲ. ನಿನ್ನ ಕಾಗದ ಪಕ್ಕದ ದ್ವೀಪದಲ್ಲಿ ಒಂಬತ್ತು ದಿನ ಕೂತು ಬಂದಿದೆ. ಲಕೋಟೆಯನ್ನು ನೀನು ನೆಕ್ಕಿ ಅಂಟಿಸಿದ ಮೇಲೆ ಸಮುದ್ರವೂ ನೆಕ್ಕಿದ ಹಾಗಿತ್ತು.

ಎರಡನೇ ವರ್ಷ ನಡುವಿನ ಮಗುವಿನ ಹಾಗೆ, ತಂಗಿ. ಹಿರಿಯದಕ್ಕೆ ಮರ್ಯಾದೆ, ಕಿರಿಯದಕ್ಕೆ ಮುದ್ದು, ನಡುವಿನದಕ್ಕೆ ಹಳೆ ಅಂಗಿ. ಅದಕ್ಕೆ ಅಳುತ್ತ ಕೂರಬೇಡ. ಮೂರನೇ ಸಾಲಿನಲ್ಲಿ ಕೂತುಕೋ. ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಗೀಚಬೇಡ, ಅವರು ಎಲ್ಲಿ ತಡವರಿಸುತ್ತಾರೆ ನೋಡು, ಪರೀಕ್ಷೆಯಲ್ಲಿ ಬರುವುದು ಅದೇ. ಬೆಳಿಗ್ಗೆ ಏನಾದರೂ ತಿಂದು ಹೋಗು. ಭಾನುವಾರ ಪುಸ್ತಕ ಮುಟ್ಟಬೇಡ, ನದಿ ದಂಡೆಗೆ ಹೋಗು. ನನ್ನ ವಿಶ್ಲೇಷಣೆಯ ನೋಟ್ಸ್ ಕಳಿಸಿದ್ದೇನೆ. ನನಗಂತೂ ಆ ವಿಷಯ ಲೆಕ್ಕಕ್ಕೇ ಇರಲಿಲ್ಲ, ಇಪ್ಪತ್ತಕ್ಕೆ ಹದಿನಾರು ಬಂದಿತ್ತು. ಓದಿದರೆ ಬರುತ್ತದೆ, ಅಷ್ಟೇ.

ಇಲ್ಲಿ ದೇಲಿಯಾ ಎಂಬ ಹುಡುಗಿ ಇದ್ದಾಳೆ, ಹದಿನಾಲ್ಕು ವರ್ಷ. ಹಸು ಕರೆದು, ಕೈಗೆ ಹಾಲಿನ ವಾಸನೆ ಹೊತ್ತೇ ಶಾಲೆಗೆ ಬರುತ್ತಾಳೆ. ನಿನ್ನ ಹಾಗೇ ಪೆನ್ಸಿಲಿನ ತುದಿ ಅಗಿಯುತ್ತಾಳೆ, ಆದರೆ ನಿನಗಿಂತ ಬೇಗ ಉತ್ತರ ಹೇಳುತ್ತಾಳೆ! ಶಾಲೆ ಬಿಟ್ಟ ಮೇಲೂ ಒಂದು ಗಂಟೆ ಕೂರಿಸಿಕೊಳ್ಳುತ್ತೇನೆ. ನಾನಿಲ್ಲಿ ಹುಚ್ಚಿಯಾಗದೆ ಉಳಿದಿರುವುದು ಅವಳಿಂದ.

ಹರಕಿನ ಮಾತು ನೆನಪಿದೆ. ದಾಟು ಮೊದಲು.

ನಿನ್ನ ಅಕ್ಕ,
ಒತೀಲಿಯಾ

*

ಕೊಯಿಂಬ್ರಾ, 28 ನವೆಂಬರ್ 1988

ಅಕ್ಕಾ,

ನೋಟ್ಸ್ ತಲುಪಿತು. ಮೊದಲ ಹಾಳೆ ಇಲ್ಲ, ಯಾರೋ ಹರಿದ ಗುರುತಿದೆ. ದಾರಿಯಲ್ಲಿ ಕಳಚಿತೋ ಏನೋ. ಅಕ್ಷರ ಮಾತ್ರ ಮುತ್ತಿನಂತಿದೆ. ನಾನು ನಾಲ್ಕು ಸಲ ಓದಿದೆ, ನಾಲ್ಕು ಸಲವೂ ನೀನು ಎಷ್ಟು ಬುದ್ಧಿವಂತೆ ಎಂಬುದೊಂದೇ ಅರ್ಥವಾಯಿತು.

ದೇಲಿಯಾ ಚೆನ್ನಾಗಿರಲಿ. ಹಾಲು ಕರೆಯುವವರಿಗೆ ಬೆರಳು ಚುರುಕಂತೆ.

ಒಂದು ಒಳ್ಳೆಯ ಸುದ್ದಿ. ನಮಗೆ ಲೆಕ್ಕ ಬಿಡಿಸುವ ತರಗತಿ ತೆಗೆದುಕೊಳ್ಳಲು ಗ್ರಾಸಿಯೆತೆ ಫಲ್ಕಾತು ಎಂಬ ಸಹಾಯಕಿ ಬಂದಿದ್ದಾಳೆ, ನಿನ್ನ ವಯಸ್ಸೇ ಇರಬೇಕು. ಗುರುವಾರ ನಾಲ್ಕು ಗಂಟೆಗೆ ವಿಭಾಗದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಎರಡನೇ ವರ್ಷದವರಿಗೆಂದೇ ಒಂದು ಮೇಜು ಹಾಕಿದ್ದಾಳೆ. ನಿಯಮ ಒಂದೇ. ಬಾರದ ಲೆಕ್ಕ ತರಬೇಕು. ಬರುವ ಲೆಕ್ಕ ತಂದು ಮೆರೆಯುವವರಿಗೆ ಕುರ್ಚಿ ಇಲ್ಲ. “ಮೊದಲನೇ ವರ್ಷದೋರಿಗೆ ಅಕ್ಕಂದಿರಿದಾರೆ, ಕೊನೇ ವರ್ಷದೋರಿಗೆ ಮೆರೆಯೋಕೆ ಬಣ್ಣದ ರಿಬ್ಬನ್ನಿದೆ, ನಿಮಗೆ ಯಾರ್ರೇ ಇದಾರೆ?” ಎಂದಳು. ನನ್ನ ಮನೆಯಿಂದ ಬಂದ ಚೆಸ್ಟ್‌ನಟ್ ಕಾಯಿಗಳನ್ನು ಸುಟ್ಟು ಎಲ್ಲರೂ ಹಂಚಿಕೊಂಡು ತಿಂದೆವು. ಬೆರಳೆಲ್ಲ ಕಪ್ಪು, ಲೆಕ್ಕದ ಹಾಳೆಯೂ ಕಪ್ಪು.

ಈ ಮೇಜು ಯಾಕೆ ಶುರುಮಾಡಿದೆ ಎಂದು ಯಾರೋ ಕೇಳಿದರು. “ನನ್ನ ಗೆಳತಿ ಒಬ್ಬಳು ಎರಡನೇ ವರ್ಷದಲ್ಲಿ ಮುಳುಗಿದಳು. ಎಳಕೊಳ್ಳೋಣ ಅಂತ ಕೈ ಚಾಚಿದೆ, ಕೈಗೇ ಕಚ್ಚಿದಳು” ಎಂದು ನಕ್ಕಳು.

ನೀನು ಅವಳನ್ನು ಬಲ್ಲೆಯಾ?

ಬೆನಿಲ್ದೆ

*

ಫ್ಲೋರೆಸ್, 20 ಡಿಸೆಂಬರ್ 1988

ಬೆನಿಲ್ದೆ,

ಕ್ರಿಸ್‌ಮಸ್ ಹಬ್ಬದ ಶುಭಾಶಯ. ನಿನ್ನ ತಾಯಿಗೂ ತಿಳಿಸು.

ಗ್ರಾಸಿಯೆತೆ ಫಲ್ಕಾತುವನ್ನು ಮುಖ ನೋಡಿ ಗೊತ್ತು. ಕಾರಿಡಾರಿನಲ್ಲಿ ಎದುರಾಗುತ್ತಿದ್ದಳು, ಅಷ್ಟೇ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಈಗ ಮೇಜು, ಕುರ್ಚಿ, ಸುಟ್ಟ ಕಾಯಿ. ಫೆಬ್ರವರಿಯ ಪರೀಕ್ಷೆ ಬರಲಿ, ಆಗ ಎಷ್ಟು ಜನ ಉಳಿದಿರುತ್ತಾರೆ ಲೆಕ್ಕ ಹಾಕು. ಕೆಲವರಿಗೆ ಮುಳುಗುವವರು ಬೇಕೇ ಬೇಕು ಕಣೇ, ಇಲ್ಲದಿದ್ದರೆ ತಾವು ದಡದಲ್ಲಿದ್ದೇವೆ ಎಂದು ಅವರಿಗೆ ಗೊತ್ತಾಗುವುದಾದರೂ ಹೇಗೆ? ಇನ್ನೊಬ್ಬಳ ಸೋಲನ್ನು ಹುಡುಗಿಯರ ಮುಂದೆ ಕಥೆ ಮಾಡಿ ನಗುವವಳು ನಾಳೆ ನಿನ್ನದನ್ನೂ ಹೇಳುತ್ತಾಳೆ.

ನನ್ನ ನೋಟ್ಸ್ ಇರುವಾಗ ನಿನಗೆ ಆ ಮೇಜು ಯಾಕೆ? ಅರ್ಥವಾಗದಿದ್ದರೆ ಐದನೆಯ ಸಲ ಓದು.

ಕಚ್ಚಿದವಳಿಗೂ ಏನಾದರೂ ಕಾರಣ ಇದ್ದಿರಬಹುದು. ಅದನ್ನು ಯಾರಾದರೂ ಕೇಳಿದರೇ?

ಒತೀಲಿಯಾ

*

ಕೊಯಿಂಬ್ರಾ, 15 ಜನವರಿ 1989

ಅಕ್ಕಾ,

ಇಷ್ಟು ಸಿಟ್ಟು ಯಾಕೆ? ನಾನೇನು ಆ ಮೇಜಿನಲ್ಲಿ ಕಳ್ಳು ಕುಡಿಯಲು ಹೋಗುತ್ತಿದ್ದೇನೆಯೇ?

ಮುಖ ನೋಡಿ ಮಾತ್ರ ಗೊತ್ತು ಎಂದೆ. ಅವಳು ಹಾಗೆ ಹೇಳಲಿಲ್ಲ. ನಾನು ನಿನ್ನ ಧರ್ಮದ ತಂಗಿ ಎಂದು ತಿಳಿದಾಗ ಅವಳ ಕೈಯಲ್ಲಿದ್ದ ಸೀಮೆಸುಣ್ಣ ನಿಂತಿತು. ಆಮೇಲೆ ಮೆಲ್ಲಗೆ, “ಒತೀಲಿಯಾ ಈಗಲೂ ಕಾಫಿಗೆ ಸಕ್ಕರೆ ಹಾಕಿ ಕಲಕದೇ ಕುಡೀತಾಳಾ? ತಳದಲ್ಲಿ ಉಳಿದದ್ದನ್ನ ಚಮಚದಲ್ಲಿ ಎತ್ತಿ ಪಕ್ಕದವಳ ಬಾಯಿಗೆ ಇಡ್ತಾಳಾ?” ಎಂದಳು.

ಅಕ್ಕಾ, ನನಗೆ ಹೊಟ್ಟೆ ಉರಿಯಿತು, ನಿಜ ಹೇಳುತ್ತೇನೆ. ಆ ಚಮಚದ ಸಕ್ಕರೆ ನನ್ನದು ಎಂದುಕೊಂಡಿದ್ದೆ. ಹೋದ ವರ್ಷ ಪೂರ್ತಿ ತಿಂದೆನಲ್ಲ, ಅದಕ್ಕೆ ಮೊದಲು ಇನ್ನೊಬ್ಬಳು ತಿಂದಿರಬಹುದೆಂದು ಒಂದು ದಿನವೂ ಹೊಳೆದಿರಲಿಲ್ಲ. ಈಗ ದೇಲಿಯಾ ತಿನ್ನುತ್ತಿದ್ದಾಳೋ?

ಸಣ್ಣ ಟೆಸ್ಟಿನಲ್ಲಿ ಹನ್ನೆರಡು ಬಂತು. ಚಿಂತೆ ಮಾಡಬೇಡ.

ಬೆನಿಲ್ದೆ

*

ಫ್ಲೋರೆಸ್, 6 ಫೆಬ್ರವರಿ 1989

ಬೆನಿಲ್ದೆ,

ಹನ್ನೆರಡಕ್ಕೆ ಸಂತೋಷ. ಅದರ ಕೀರ್ತಿ ಗುರುವಾರದ ಮೇಜಿಗೇ ಸೇರಲಿ, ನನ್ನ ನೋಟ್ಸಿಗೆ ಬೇಡ.

ನನ್ನ ಕಾಫಿಯ ಕಥೆ ಊರೆಲ್ಲ ಹಂಚುತ್ತಿದ್ದಾಳೆ ಎಂದಾಯಿತು. ನಿನ್ನನ್ನು ಎದುರಿಗೆ ಕೂರಿಸಿಕೊಂಡು ನನ್ನ ಬಗ್ಗೆ ಕೇಳುತ್ತಾಳೆ, ನೀನು ಹೇಳುತ್ತೀಯ. ನನಗೆ ಬರೆಯುವ ಕಾಗದಕ್ಕಿಂತ ಅವಳಿಗೆ ಕೊಡುವ ವರದಿಯೇ ಉದ್ದವಾಗಿರಬೇಕು.

ಇಲ್ಲಿ ದೇಲಿಯಾ ಹೈಸ್ಕೂಲಿನ ಲೆಕ್ಕವನ್ನೆಲ್ಲ ಈಗಲೇ ಮುಗಿಸುತ್ತಿದ್ದಾಳೆ. ಒಮ್ಮೆ ಹೇಳಿದರೆ ಸಾಕು, ಎರಡನೇ ಸಲ ಕೇಳುವುದಿಲ್ಲ. ಮುಂದೆ ಕೊಯಿಂಬ್ರಾಕ್ಕೇ ಬರುತ್ತಾಳಂತೆ. “ಬಾ, ನನ್ನ ಹೊದಿಕೆ ನಿನಗೇ ಕೊಡ್ತೀನಿ” ಎಂದು ಹೇಳಿದ್ದೇನೆ. ಇಲ್ಲಿ ಪೆಟ್ಟಿಗೆಯಲ್ಲಿ ಕೊಳೆಯುವುದಕ್ಕಿಂತ ಒಬ್ಬಳ ಹೆಗಲ ಮೇಲಿರಲಿ.

ಒತೀಲಿಯಾ

*

ಕೊಯಿಂಬ್ರಾ, 27 ಫೆಬ್ರವರಿ 1989

ಒತೀಲಿಯಾ,

ನಿನ್ನ ಹೊದಿಕೆ, ನಿನ್ನ ಇಷ್ಟ. ಯಾರಿಗೆ ಬೇಕಾದರೂ ಕೊಡು. ಹಸುವಿಗೂ ಹೊದಿಸಬಹುದು.

ನನ್ನದರಲ್ಲಿ ಈಗ ಒಂದು ಹರಕು ಇದೆ. ಹೋದ ಗುರುವಾರ ಗ್ರಾಸಿಯೆತೆ ಹರಿದಳು. ಬಲ ಅಂಚಿನಲ್ಲಿ, ಒಂದು ಗೇಣು ಉದ್ದ. ಹಲ್ಲಿನಿಂದಲೇ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎಷ್ಟು ದಿನ ಕಾಯಲಿ?

ಬೆನಿಲ್ದೆ ಫ್ರಾದೆ

*

ಫ್ಲೋರೆಸ್, 13 ಮಾರ್ಚ್ 1989

ಬೆನಿಲ್ದೆ,

ನಿನ್ನ ಕಾಗದ ಕೈಗೆ ಬಂದಾಗ ತರಗತಿಯಲ್ಲಿದ್ದೆ. ಮಕ್ಕಳಿಗೆ ಏನೋ ಬರೆಯಲು ಕೊಟ್ಟು ಹೊರಗೆ ಹೋಗಿ ಗೋಡೆಗೆ ಒರಗಿ ನಿಂತೆ.

ಅವಳೇ! ಇಡೀ ಊರಿನಲ್ಲಿ ನಿನಗೆ ಅವಳ ಹಲ್ಲೇ ಸಿಕ್ಕಿತೇ? ಬೀದಿಯಲ್ಲಿ ಅಳುತ್ತಿದ್ದವಳನ್ನು ಎಳೆದುಕೊಂಡವಳು ನಾನು. ಮೂಗು ಒರೆಸಿದವಳು ನಾನು. ಮೊದಲನೇ ವರ್ಷ ನಿನ್ನ ಪಕ್ಕದಲ್ಲಿ ಕೂತು ಒಂದೊಂದು ಲೆಕ್ಕವೂ ಬಾಯಿಗೆ ತುತ್ತು ಇಟ್ಟ ಹಾಗೆ ಇಟ್ಟೆ. ಬೆಳೆ ನನ್ನದು, ಕೊಯ್ಲು ಅವಳದು. ಅವಳು ಯಾವಾಗಲೂ ಹೀಗೇ, ಬೆವರಿಲ್ಲದೆ ಬರುತ್ತಾಳೆ, ನಗುತ್ತಾಳೆ, ಎಲ್ಲ ಅವಳದಾಗುತ್ತದೆ.

ನನ್ನ ಮೇಲೆ ಒಂದಿಷ್ಟಾದರೂ ಪ್ರೀತಿ ಇದ್ದರೆ ಅದನ್ನು ಹೊಲಿದುಬಿಡು. ಹೊಲಿದರೆ ಆ ಸಂಬಂಧ ಮುಗಿಯಿತು ಎಂದೇ ಅರ್ಥ, ಎಲ್ಲರಿಗೂ ಗೊತ್ತು, ನೀನು ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ. ಒಳಗಿನಿಂದ ಸಣ್ಣ ಹೊಲಿಗೆ ಹಾಕು. ಕರಿ ದಾರ ಸಿಗದಿದ್ದರೆ ಕಡುನೀಲಿಯಾದರೂ ಆದೀತು, ದೂರಕ್ಕೆ ಕಾಣುವುದಿಲ್ಲ.

ಒತೀಲಿಯಾ

*

ಫ್ಲೋರೆಸ್, 10 ಏಪ್ರಿಲ್ 1989

ಬೆನಿಲ್ದೆ,

ನಾಲ್ಕು ವಾರವಾಯಿತು. ವಿಮಾನ ಆರು ಸಲ ಬಂದು ಹೋಯಿತು. ಹೊಲಿದೆಯೋ ಇಲ್ಲವೋ ಅದೂ ಬೇಡ, ಹೇಗಿದ್ದೀಯ ಎಂದು ಒಂದು ಸಾಲು ಬರೆ.

ಒ.

*

ಕೊಯಿಂಬ್ರಾ, 19 ಏಪ್ರಿಲ್ 1989

ಅಕ್ಕಾ,

ಇದು ಇಲ್ಲಿಂದ ಬರೆಯುವ ಕೊನೆಯ ಕಾಗದ. ಹಾಗಾಗಿ ಸುಳ್ಳು ಹೇಳಿ ನನಗೆ ಏನೂ ಸಿಗಬೇಕಾಗಿಲ್ಲ.

ನನಗೆ ಹನ್ನೆರಡು ಬಂದೇ ಇಲ್ಲ. ಜನವರಿಯ ಟೆಸ್ಟಿನಲ್ಲಿ ಐದು, ಫೆಬ್ರವರಿಯ ಪರೀಕ್ಷೆಯಲ್ಲಿ ಆರು. ಹತ್ತು ಬಂದರೆ ಪಾಸು. ಹದಿನಾರು ತೆಗೆದವಳಿಗೆ ಐದು, ಆರು ಎಂದು ಯಾವ ಬಾಯಿಂದ ಹೇಳಲಿ? ಗ್ರಾಸಿಯೆತೆಗೆ ಹೇಳಿದೆ, ಅವಳ ಮೇಜಿನಲ್ಲಿ ಬಾರದ್ದನ್ನೇ ತರಬೇಕಲ್ಲ. ನಿನಗೆ ಮಾತ್ರ ಬರುವುದನ್ನೇ ತೋರಿಸಬೇಕಾಗಿತ್ತು. ನಿನ್ನ ನೋಟ್ಸಿನ ಒಂದೊಂದು ಹಾಳೆಯೂ “ಇಷ್ಟೇ ತಾನೇ” ಎನ್ನುತ್ತದೆ. ಅದನ್ನು ಓದಿದಷ್ಟೂ ನಾನು ಈ ಊರಿಗೆ ತಪ್ಪಿ ಬಂದವಳು ಅನ್ನಿಸುತ್ತದೆ.

ನಮ್ಮ ಊರಿನ ಅಂಚೆ ಕಚೇರಿಯಲ್ಲಿ ಮಾವ ಒಂದು ಜಾಗ ನೋಡಿದ್ದಾನೆ, ಕಾಗದಗಳಿಗೆ ಮುದ್ರೆ ಹೊಡೆಯುವ ಕೆಲಸ. ಮೇ ನಾಲ್ಕರ ಬಸ್ಸಿಗೆ ಹೋಗುತ್ತೇನೆ. ಪೆಟ್ಟಿಗೆ ಕಟ್ಟಿಯಾಗಿದೆ. ಹೊದಿಕೆ ತಳದಲ್ಲಿದೆ.

ಅದರಲ್ಲಿ ಹರಕಿಲ್ಲ, ಅಕ್ಕಾ. ಅದೂ ಸುಳ್ಳು. ದೇಲಿಯಾ ಬಗ್ಗೆ ನೀನು ಬರೆದ ಕಾಗದ ಓದಿ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಅದೇ ಗುರುವಾರ ಹೊದಿಕೆಯ ಅಂಚು ಹಿಡಿದು ಗ್ರಾಸಿಯೆತೆಯ ಬಾಯಿಯವರೆಗೆ ಒಯ್ದೆ. ಅವಳು ನನ್ನ ಕೈ ಹಿಡಿದು ಕೆಳಗಿಳಿಸಿದಳು. “ಮೊದಲನೇದು ಒತೀಲಿಯಾದು. ಅದಾದ ಮೇಲೆ ಜಾಗ ಉಳಿದ್ರೆ ನಂದು” ಎಂದಳು. ಆಮೇಲೆ ನಿನಗೆ ಆ ಕಾಗದ ಬರೆದೆ, ನಿನಗೂ ಉರಿಯಲಿ ಎಂದು. ಉರಿಯಿತು. ಖುಷಿಯೂ ಆಯಿತು, ನಾಚಿಕೆಯೂ ಆಯಿತು. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ.

ಇನ್ನೊಂದು ಮಾತು. ಕಡುನೀಲಿ ದಾರ, ದೂರಕ್ಕೆ ಕಾಣುವುದಿಲ್ಲ ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಹೊದಿಕೆಯಲ್ಲಿ ಆ ಹೊಲಿಗೆಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಬಸ್ಸಿನ ಮೊಳೆಗೆ ಹಲ್ಲುಗಳಿರುತ್ತವೆಯೇ? ಕೈಗೆ ಕಚ್ಚಿದ ಆ ಗೆಳತಿ ಯಾರು?

ಹೇಳದಿದ್ದರೂ ಪರವಾಗಿಲ್ಲ. ನಾನು ಹೇಗೂ ಹೊರಟಿದ್ದೇನೆ.

ಬೆನಿಲ್ದೆ

*

ತಂತಿ. ಫ್ಲೋರೆಸ್, 4 ಮೇ 1989

ಬಸ್ಸು ಹತ್ತಬೇಡ. ಆ ಗೆಳತಿ ನಾನೇ. ಕಾಗದ ಬರುತ್ತಿದೆ. ಒತೀಲಿಯಾ.

*

ಫ್ಲೋರೆಸ್, 4 ಮೇ 1989

ಬೆನಿಲ್ದೆ, ತಂಗಿ,

ನಿನ್ನ ಕಾಗದ ಇವತ್ತು ಬೆಳಿಗ್ಗೆ ಬಂತು. ತಂತಿ ಕಳಿಸಿ ಬಂದು ಕೂತಿದ್ದೇನೆ. ನೀನು ಹೊರಟುಹೋಗಿದ್ದರೆ ಇದನ್ನು ಯಾರು ಓದುತ್ತಾರೋ ಗೊತ್ತಿಲ್ಲ, ಆದರೂ ಬರೆಯುತ್ತೇನೆ. ಐದು ವರ್ಷದಿಂದ ಯಾರಿಗೂ ಹೇಳದ್ದು.

ಗ್ರಾಸಿಯೆತೆಯೂ ನಾನೂ ಒಂದೇ ವರ್ಷ ಸೇರಿದೆವು, ಒಂದೇ ಕೋಣೆ, ಒಂದೇ ಕಾಫಿ ಲೋಟ. ನನ್ನ ಹೊದಿಕೆಗೆ ಮೊದಲು ಹಲ್ಲು ಹಚ್ಚಿದವಳು ಅವಳು. ಎರಡನೇ ವರ್ಷದಲ್ಲಿ ನಾನು ಮುಳುಗಿದೆ. ನಿನ್ನ ಹಾಗೆಯೇ, ಬೋರ್ಡು ನೋಡುತ್ತಿದ್ದೆ, ಏನೂ ಕಾಣುತ್ತಿರಲಿಲ್ಲ. ಹೇಳಲು ನಾಚಿಕೆ. ಮೊದಲನೇ ವರ್ಷ ಎಲ್ಲರಿಗಿಂತ ಮುಂದಿದ್ದವಳು ನಾನೇ ತಾನೇ! ಜುಲೈಯಲ್ಲಿ ಫಲಿತಾಂಶದ ಹಾಳೆ ಹಚ್ಚಿದಾಗ ಇಬ್ಬರೂ ಕೈ ಹಿಡಿದುಕೊಂಡೇ ಹೋಗಿ ನೋಡಿದೆವು. ಅವಳಿಗೆ ಹದಿನೈದು. ನನಗೆ ಆರು. ನಿನ್ನ ಆರೇ, ಬೆನಿಲ್ದೆ.

ಅವಳು ತನ್ನದನ್ನು ನೋಡಲೇ ಇಲ್ಲ. “ಬಾರೇ, ಬೇಸಿಗೆ ಪೂರ್ತಿ ನಮ್ಮನೇಲಿರು, ಜತೆಗೆ ಕೂತು ಓದೋಣ” ಎಂದಳು. ಅದನ್ನು ಕೇಳಿ ನಾನು ಅವಳನ್ನು ತಬ್ಬಿಕೊಳ್ಳಬೇಕಿತ್ತು. “ನಿನ್ನ ಹದಿನೈದನ್ನ ನಿನ್ನ ಮನೇಲೇ ಇಟ್ಕೋ” ಎಂದೆ. ನನ್ನ ಆರಕ್ಕಿಂತ ಅವಳ ಹದಿನೈದು ನನ್ನನ್ನು ಹೆಚ್ಚು ಸುಟ್ಟಿತು. ಬರಿಯ ಹೊಟ್ಟೆಕಿಚ್ಚು, ಇದಕ್ಕೆ ಬೇರೆ ಹೆಸರಿಲ್ಲ. ಊರಿಗೆ ಹೋಗಿ ಅಮ್ಮನ ಹೊಲಿಗೆ ಡಬ್ಬಿ ತೆಗೆದೆ. ಕರಿ ದಾರ ಮುಗಿದಿತ್ತು. ಕಾಯುವಷ್ಟು ತಾಳ್ಮೆಯೂ ಇರಲಿಲ್ಲ, ನೀಲಿಯಲ್ಲೇ ಹೊಲಿದುಬಿಟ್ಟೆ. ಮರುವರ್ಷ ಅದೇ ಕುರ್ಚಿಯಲ್ಲಿ ನನಗಿಂತ ಚಿಕ್ಕವರ ನಡುವೆ ಕೂತು ಅದೇ ಪಾಠ ಓದಿದೆ. ಹದಿನಾರು ಬಂದದ್ದು ಸುಳ್ಳಲ್ಲ, ಎರಡನೇ ಸಲ ಬಂದದ್ದು. ನಿನಗೆ ಕಳಿಸಿದ್ದು ಆ ಎರಡನೇ ಸಲದ ನೋಟ್ಸ್. ಮೊದಲ ಹಾಳೆಯಲ್ಲಿ ವರ್ಷ ಬರೆದಿತ್ತು, ನೀನು ಲೆಕ್ಕ ಹಾಕಿಬಿಡುತ್ತೀಯೆಂದು ನಾನೇ ಹರಿದೆ. ಆಮೇಲೆ ನಾಲ್ಕು ವರ್ಷ ಒಂದೇ ಕಟ್ಟಡದ ಮೆಟ್ಟಿಲಿನಲ್ಲಿ ಅವಳು ಹತ್ತುವಾಗ ನಾನು ಇಳಿದೆ.

ನೀನು ಅಳುತ್ತ ನಿಂತಿದ್ದ ದಿನ ನಿನ್ನನ್ನು ಎಳೆದುಕೊಂಡದ್ದು ಯಾಕೆ ಗೊತ್ತೇ? ನನ್ನನ್ನು ಬುದ್ಧಿವಂತೆ ಎಂದು ನಂಬುವ ಒಬ್ಬಳು ಬೇಕಾಗಿತ್ತು. ನೀನು ನಂಬಿದೆ. ಆ ನಂಬಿಕೆ ಕೆಡಬಾರದೆಂದು ನಿನ್ನನ್ನೇ ಮುಳುಗಿಸುತ್ತಿದ್ದೆ. ನಿನ್ನ ಅಕ್ಕ ನಿನಗೆ ಕೊಡಬೇಕಾಗಿದ್ದ ನೋಟ್ಸ್ ಒಂದೇ, ‘ನಾನೂ ಫೇಲಾದೆ’ ಎಂಬ ಎರಡು ಪದ. ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕಳಿಸಿದೆ. ಗುರುವಾರದ ಮೇಜು ನನ್ನಿಂದ ಹುಟ್ಟಿತು ಎಂದು ನಿನ್ನ ನವೆಂಬರಿನ ಕಾಗದದಲ್ಲೇ ತಿಳಿಯಿತು. ಅವಳು ನನ್ನನ್ನು ಮರೆತಿಲ್ಲ ಎಂದು ಅಳಬೇಕಿತ್ತು, ನೀನು ಅವಳ ಪಾಲಾದೆ ಎಂದು ಉರಿದೆ.

ದೇಲಿಯಾಗೆ ಹೊದಿಕೆ ಕೊಡುತ್ತೇನೆಂದು ನಾನು ಹೇಳಿಯೇ ಇಲ್ಲ. ಅವಳಿಗೆ ಹೊದಿಕೆಯ ವಿಷಯವೇ ಗೊತ್ತಿಲ್ಲ. ನಿನಗೆ ಚುಚ್ಚಲಿ ಎಂದು ಬರೆದೆ. ಅಕ್ಕ ತಂಗಿ ಇಬ್ಬರೂ ಒಂದೇ ತಕ್ಕಡಿಗೆ ಸರಿಯಾಗಿದ್ದೇವೆ.

ಇದರ ಜತೆ ಒಂದು ತುಂಡು ನೀಲಿ ದಾರ ಇಟ್ಟಿದ್ದೇನೆ. ಇವತ್ತು ಬಿಚ್ಚಿದ್ದು. ಗ್ರಾಸಿಯೆತೆಗೆ ಕೊಡು, ಏನೂ ಹೇಳಬೇಡ, ಅವಳಿಗೆ ಗೊತ್ತಾಗುತ್ತದೆ. ಬಸ್ಸು ಹತ್ತಬೇಡ. ಎರಡನೇ ವರ್ಷವನ್ನು ಬೇಕಾದರೆ ಎರಡು ಸಲ ಓದು. ಅದಕ್ಕೆ ಯಾರೂ ಸಾಯುವುದಿಲ್ಲ. ನನ್ನಲ್ಲಿ ಏನಾದರೂ ಸತ್ತಿದ್ದರೆ ಅದು ಬಚ್ಚಿಟ್ಟದ್ದರಿಂದ ಮಾತ್ರ.

ನಿನ್ನ,
ಒತೀಲಿಯಾ

*

ಕೊಯಿಂಬ್ರಾ, 16 ಜುಲೈ 1989

ಅಕ್ಕಾ,

ಮೇ ತಿಂಗಳಲ್ಲಿ ‘ಹೋಗಲಿಲ್ಲ, ಓದುತ್ತಿದ್ದೇನೆ’ ಎಂದು ಕಾರ್ಡಿನಲ್ಲಿ ಬರೆದು ಸುಮ್ಮನಾದೆ. ಈಗ ಎಲ್ಲ ಹೇಳುತ್ತೇನೆ.

ತಂತಿ ಬಂದದ್ದು ಹನ್ನೆರಡು ಗಂಟೆಗೆ, ಬಸ್ಸು ಇದ್ದದ್ದು ಎರಡಕ್ಕೆ. ಮನೆಯೊಡತಿಯೇ ಓದಿ ಹೇಳಿದಳು. “ಯಾರೇ ಇವಳು, ಹಣ ಕೊಟ್ಟು ತಂತಿ ಕಳಿಸಿ ನಾನೇ ನಾನೇ ಅಂತಾಳೆ?” ಎಂದಳು. ಪೆಟ್ಟಿಗೆಯ ಮೇಲೆ ಕೂತೆ. ಬಸ್ಸು ಹೋಯಿತು. ಈ ಸಲ ಯಾವ ಸುಳ್ಳು ಬರುತ್ತದೋ ನೋಡಿಕೊಂಡೇ ಹೋಗೋಣ ಎಂದು ಉಳಿದೆ. ಸುಳ್ಳು ಬರಲಿಲ್ಲ. ನಿನ್ನ ಆರನ್ನು ನಾನು ಎಷ್ಟು ಸಲ ಓದಿದೆನೆಂದರೆ ಆ ಜಾಗದಲ್ಲಿ ಹಾಳೆ ತೆಳ್ಳಗಾಗಿದೆ. ಪೆಟ್ಟಿಗೆ ಬಿಚ್ಚಿ ಹೊದಿಕೆಯನ್ನು ಮೊಳೆಗೆ ತೂಗುಹಾಕಿದೆ.

ಮಿಕ್ಕ ಮೂರು ವಿಷಯ ಪಾಸು. ವಿಶ್ಲೇಷಣೆಯಲ್ಲಿ ಬರವಣಿಗೆಗೆ ಎಂಟು ಬಂದು ಮೌಖಿಕಕ್ಕೆ ಕರೆದರು. ಜುಲೈ ಬಿಸಿಲಿನಲ್ಲಿ ಆ ಉಣ್ಣೆಯ ಹೊದಿಕೆ ಹೊದ್ದು ಮೂವರ ಮುಂದೆ ನಿಂತೆ. ಮೂರು ಪ್ರಶ್ನೆಗೆ ಉತ್ತರಿಸಿದೆ, ನಾಲ್ಕನೆಯದಕ್ಕೆ “ನನಗೆ ಬರುವುದಿಲ್ಲ ಸಾರ್” ಎಂದೆ. ಗುರುವಾರದ ಮೇಜಿನ ಅಭ್ಯಾಸ. ಒಂಬತ್ತು ಬಂತು. ಒಂದು ಅಂಕ! ಅಳು ಬಂತು, ಅತ್ತೆ, ಆಮೇಲೆ ಆಫೀಸಿಗೆ ಹೋಗಿ ಅದೇ ವಿಷಯಕ್ಕೆ ಮತ್ತೆ ಹೆಸರು ಬರೆಸಿ ಬಂದೆ. ಈಗ ನನಗೂ ಎರಡು ಎರಡನೇ ವರ್ಷ, ನಿನ್ನ ಹಾಗೆ. ಇದೊಂದರಲ್ಲಾದರೂ ದೇಲಿಯಾ ನನ್ನನ್ನು ಹಿಂದೆ ಹಾಕುವಂತಿಲ್ಲ.

ಇನ್ನು ದಾರದ ಮಾತು. ಮೇ ತಿಂಗಳಲ್ಲೇ ಕೊಟ್ಟೆ. ಗ್ರಾಸಿಯೆತೆ ಅದನ್ನು ತೋರುಬೆರಳಿಗೆ ಸುತ್ತಿಕೊಂಡು ಅದೇ ಕೈಯಲ್ಲಿ ಬೋರ್ಡಿನ ಮೇಲೆ ಒಂದು ಗಂಟೆ ಬರೆದಳು. ನೀಲಿಯೆಲ್ಲ ಸುಣ್ಣ ಹತ್ತಿ ಬಿಳಿಯಾಯಿತು. ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದು ಒಂದೇ ಒಂದು ಪ್ರಶ್ನೆ ಕೇಳಿದಳು. “ಕತ್ತರೀಲಿ ಬಿಚ್ಚಿದಳಾ, ಹಲ್ಲಲ್ಲಾ?”

ನನಗೆ ಗೊತ್ತಿರಲಿಲ್ಲ. ನಿನ್ನನ್ನು ಕೇಳಿ ಹೇಳುತ್ತೇನೆ ಎಂದೆ. ಕೇಳಲಿಲ್ಲ. ಎರಡು ತಿಂಗಳು ಮುಚ್ಚಿಟ್ಟೆ. ಅವಳು ಪ್ರತಿ ಗುರುವಾರ ನನ್ನ ಮುಖ ನೋಡುತ್ತಾಳೆ, ನಾನು ನನ್ನ ಲೆಕ್ಕ ನೋಡುತ್ತೇನೆ. ಹೊಟ್ಟೆಕಿಚ್ಚು, ಅಕ್ಕಾ. ಅದು ನಿಮ್ಮಿಬ್ಬರಿಗೇ ಅರ್ಥವಾಗುವ ಪ್ರಶ್ನೆ. ಅದಕ್ಕೆ ನೀನು ಉತ್ತರ ಕೊಟ್ಟೆಯೆಂದರೆ ಚಮಚದ ಸಕ್ಕರೆ ಮತ್ತೆ ಅವಳದಾಗುತ್ತದೆ ಎಂದು ಭಯವಾಯಿತು. ಮುಚ್ಚಿಟ್ಟರೆ ಏನಾಗುತ್ತದೆಂದು ನೀನೇ ಬರೆದಿದ್ದೀಯ, ಅದಕ್ಕೇ ಈಗ ಕೇಳುತ್ತಿದ್ದೇನೆ.

ಹೇಳು. ಹೇಳಿದ ಮೇಲೂ ಬೇಸಿಗೆ ರಜೆಗೆ ಬಾ. ದೇಲಿಯಾಳನ್ನು ಕರೆದುಕೊಂಡು ಬರಬೇಡ.

ನಿನ್ನ,
ಬೆನಿಲ್ದೆ

*

ತಂತಿ. ಫ್ಲೋರೆಸ್, 27 ಜುಲೈ 1989

ಹಲ್ಲಿನಿಂದ. ಅವಳಿಗೆ ಹೇಳು. ಶುಕ್ರವಾರ ಬರುತ್ತೇನೆ, ಒಬ್ಬಳೇ. ಮೊಳೆಯಿಂದ ಹೊದಿಕೆ ಇಳಿಸಿಡು. ದಾಟಿದರೂ ಅಷ್ಟೇ, ದಾಟದಿದ್ದರೂ ಅಷ್ಟೇ, ಮೊದಲ ಹರಕು ನನ್ನದು. ಅವಳಿಗೆ ಪಕ್ಕದಲ್ಲಿ ಜಾಗ ಬಿಡು. ಒತೀಲಿಯಾ.